ರೊನಾಲ್ಡ್ ರಾಸ್ ಮತ್ತು ಒಂದು ಕಪ್ಪು ಚುಕ್ಕೆ

ರೊನಾಲ್ಡ್ ರಾಸ್ ಅವರ ಹೆಸರು ಮಕ್ಕಳಿಗೆ ಗೊತ್ತಿರುವುದು ಒಂದೇ ಒಂದು ವಾಕ್ಯದ ಜೊತೆ: ಮಲೇರಿಯ ಸೊಳ್ಳೆಯಿಂದ ಹರಡುತ್ತದೆ ಎಂದು ಕಂಡುಹಿಡಿದವರು. ಬೋಧನಾಭ್ಯಾಸಕ್ಕೆ ಜೀವಕೋಶದ ಪಾಠ ಸಿದ್ಧಪಡಿಸುವಾಗ ಅವರ ಜೀವನವನ್ನು ಮತ್ತೆ ಓದಿದೆ. ಅವರು ವರ್ಷಗಟ್ಟಲೆ ಸೊಳ್ಳೆಯ ಹೊಟ್ಟೆಯಲ್ಲಿ ಹುಡುಕಿ, ಕೊನೆಗೆ ಗುರುತು ಹಿಡಿದದ್ದು ಮನುಷ್ಯನ ರಕ್ತಕಣದ ಅವಶೇಷದಿಂದ ಎಂಬುದು ಆಗ ಹೊಳೆಯಿತು. ಕೋಶ ಹೇಗೆ ಒತ್ತಡಕ್ಕೆ ಒಗ್ಗುತ್ತದೆ, ಹೇಗೆ ಹಾನಿಗೊಳ್ಳುತ್ತದೆ, ಹೇಗೆ ಸಾಯುತ್ತದೆ ಎಂದು ಹೊಂಗಡಹಳ್ಳದಂಥ ಮಲೆನಾಡಿನ ಊರಿನ ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಕಥೆ ನನಗೆ ಸಿಗಲಿಲ್ಲ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೈನ್ಯಾಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೆಯ ವಯಸ್ಸಿಗೆ ಇಂಗ್ಲೆಂಡಿಗೆ ಕಳಿಸಿದರು. ಹುಡುಗನ ಮನಸ್ಸು ಇದ್ದದ್ದು ಕವಿತೆ, ಸಂಗೀತ, ಚಿತ್ರ, ಗಣಿತಗಳಲ್ಲಿ. ತಂದೆಯ ಒತ್ತಾಯಕ್ಕೆ ಲಂಡನ್ನಿನ ಸೇಂಟ್ ಬಾರ್ತಲೋಮಿಯೊ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿದರು, ಅದೂ ಅರೆಮನಸ್ಸಿನಿಂದ. ಒಂದು ಪರೀಕ್ಷೆಯಲ್ಲಿ ಫೇಲಾಗಿ ಹಡಗಿನ ವೈದ್ಯರಾಗಿ ದುಡಿದದ್ದೂ ಉಂಟು. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಇಷ್ಟವಿಲ್ಲದ ಕೋರ್ಸಿಗೆ ಸೇರಿದವರಿಗೆ ಈ ಭಾಗ ಸಮಾಧಾನ ಕೊಡಬಹುದು.

1883ರಲ್ಲಿ ಅವರಿಗೆ ಬೆಂಗಳೂರು ದಂಡಿನಲ್ಲಿ ಹಂಗಾಮಿ ವೈದ್ಯರ ಕೆಲಸ. ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಮಾತ್ರ ವಿಪರೀತ. ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಟ್ಟುತ್ತಿದ್ದವು. ತೊಟ್ಟಿ ಬಗ್ಗಿಸಿದರು, ಸೊಳ್ಳೆ ಕಡಿಮೆಯಾಯಿತು. ದಂಡಿನಲ್ಲಿದ್ದ ಉಳಿದ ತೊಟ್ಟಿ, ಹೂಜಿಗಳನ್ನೂ ಖಾಲಿ ಮಾಡಿಸಲು ಹೇಳಿದಾಗ ಮೇಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವಿದೆ ಎಂಬ ಯೋಚನೆ ಆಗ ರಾಸ್ ಅವರಿಗೂ ಇರಲಿಲ್ಲ. ಅದು ಖಚಿತವಾಗಲು ಇನ್ನೂ 14 ವರ್ಷ ಬೇಕಾಯಿತು.

ಅಷ್ಟರಲ್ಲಿ, 1880ರಲ್ಲಿ, ಅಲ್ಜೀರಿಯದಲ್ಲಿದ್ದ ಫ್ರೆಂಚ್ ಸೈನ್ಯದ ವೈದ್ಯ ಲ್ಯಾವೆರಾನ್ ರೋಗಿಗಳ ರಕ್ತದಲ್ಲಿ ಮಲೇರಿಯದ ಪರಜೀವಿಯನ್ನು ಕಂಡಿದ್ದರು. ರಾಸ್ ಇದನ್ನು ಬಹಳ ಕಾಲ ನಂಬಲೇ ಇಲ್ಲ. ಜ್ವರದ ಮೂಲ ಕರುಳಿನಲ್ಲಿದೆ ಎಂದು ವಾದಿಸುತ್ತಿದ್ದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಸೂಕ್ಷ್ಮದರ್ಶಕದಡಿ ತೋರಿಸಿದ ಮೇಲೆ ಒಪ್ಪಿದರು. ಪರಜೀವಿಯ ಮುಂದಿನ ಬೆಳವಣಿಗೆ ಸೊಳ್ಳೆಯಲ್ಲಿ ನಡೆಯುತ್ತಿರಬಹುದು ಎಂಬ ಊಹೆಯೂ ಮ್ಯಾನ್ಸನ್ನರದೇ.

ಇಲ್ಲಿ ಜೀವನಕಥೆ ನಿಲ್ಲಿಸಿ ರಕ್ತಕಣದ ಒಳಗೆ ಹೋಗಬೇಕು. ಪರಜೀವಿ ಮೊದಲು ಪಿತ್ತಜನಕಾಂಗದ ಕೋಶಗಳಲ್ಲಿ ಬೆಳೆದು, ಆಮೇಲೆ ಕೆಂಪು ರಕ್ತಕಣಕ್ಕೆ ನುಗ್ಗುತ್ತದೆ. ಅಲ್ಲಿ ಹಿಮೋಗ್ಲೋಬಿನ್ನನ್ನು ತಿನ್ನುತ್ತದೆ. ತಿಂದು ಉಳಿಯುವ ಕಬ್ಬಿಣಾಂಶದ ಹೀಮ್ ಅದಕ್ಕೇ ವಿಷ, ಆದ್ದರಿಂದ ಅದನ್ನು ಕಪ್ಪು ಹರಳುಗಳಾಗಿ ಕಟ್ಟಿಡುತ್ತದೆ. ಫಾಲ್ಸಿಪೇರಮ್ ಜಾತಿಯಾದರೆ ಸುಮಾರು 48 ಗಂಟೆಯಲ್ಲಿ ಕಣ ಒಡೆದು ಹೊಸ ಪರಜೀವಿಗಳು ಹೊರಬೀಳುತ್ತವೆ. ಆಗಲೇ ನಡುಕ, ಜ್ವರ. 120 ದಿನ ಬಾಳಬೇಕಾದ ಕಣ ಹೀಗೆ ನಡುವೆಯೇ ಹೋಗುತ್ತದೆ.

ಕೋಶಕೇಂದ್ರವೇ ಇಲ್ಲದ ಕಣ ಸಾಯುವುದು ಎಂದರೇನು ಮಿಸ್ ಎಂದು ಒಬ್ಬ ಹುಡುಗಿ ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿದಾಗ ಪಾಠದ ತಿರುಳೇ ಆ ಪ್ರಶ್ನೆಯಲ್ಲಿದೆ ಎನ್ನಿಸಿತು. ಕೋಶಕೇಂದ್ರವಿಲ್ಲದ್ದರಿಂದ ಕೆಂಪು ಕಣ ಹೊಸ ಪ್ರೋಟೀನು ಕಟ್ಟಿಕೊಂಡು ತನ್ನ ಹಾನಿಯನ್ನು ರಿಪೇರಿ ಮಾಡಿಕೊಳ್ಳಲಾರದು. ಅದರ ಪರವಾಗಿ ಬೇರೆ ಅಂಗಗಳು ಒಗ್ಗಿಕೊಳ್ಳುತ್ತವೆ. ಅಸ್ಥಿಮಜ್ಜೆ ಹೆಚ್ಚು ಕಣ ತಯಾರಿಸಲು ಹೆಣಗುತ್ತದೆ. ಕೆಟ್ಟ ಕಣಗಳನ್ನು ಸೋಸುವ ಗುಲ್ಮದ ಕೋಶಗಳು ಸಂಖ್ಯೆಯಲ್ಲಿ ಹೆಚ್ಚಿ ಗುಲ್ಮವೇ ದಪ್ಪವಾಗುತ್ತದೆ. ನಮ್ಮ ಹಿರಿಯರು ಜ್ವರಗಡ್ಡೆ ಎನ್ನುತ್ತಿದ್ದದ್ದು ಇದನ್ನೇ. ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಗಡ್ಡೆ ಇಳಿಯುತ್ತದೆ. ಅಂದರೆ ಅದು ಹೊಂದಾಣಿಕೆ, ಸಾವಲ್ಲ.

ಹೊಂದಾಣಿಕೆಗೂ ಮಿತಿಯಿದೆ. ಫಾಲ್ಸಿಪೇರಮ್ ಹೊಕ್ಕ ಕಣಗಳು ಬಿರುಸಾಗಿ, ಮಿದುಳಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ದಾರಿ ಕಟ್ಟಬಹುದು. ಆಮ್ಲಜನಕ ಸಿಗದ ಕೋಶದಲ್ಲಿ ಎಟಿಪಿ ಕುಸಿಯುತ್ತದೆ, ಸೋಡಿಯಂ ಹೊರಹಾಕುವ ಪಂಪು ನಿಲ್ಲುತ್ತದೆ, ನೀರು ಒಳನುಗ್ಗಿ ಕೋಶ ಊದುತ್ತದೆ. ಇಲ್ಲಿಯವರೆಗೆ ರಕ್ತ ಮತ್ತೆ ಹರಿದರೆ ಕೋಶ ಚೇತರಿಸಿಕೊಂಡೀತು. ಮೈಟೊಕಾಂಡ್ರಿಯ ಕೆಟ್ಟು ಕೋಶಪೊರೆ ಹರಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಇದು ನೆಕ್ರೋಸಿಸ್. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲದ ಕೋಶಗಳು ಸದ್ದಿಲ್ಲದೆ ತಮ್ಮನ್ನು ತಾವೇ ಕಳಚಿಕೊಳ್ಳುವುದು ಬೇರೆ ಬಗೆ, ಅದು ಅಪೋಪ್ಟೋಸಿಸ್. ಈ ಎರಡನ್ನೂ ಒಂದೇ ಅವಧಿಯಲ್ಲಿ ತುರುಕಿ ನಾನು ಮಕ್ಕಳನ್ನು ಗೊಂದಲಕ್ಕೆ ಕೆಡವಿದೆ. ಬೇರೆಯವರು ಎರಡು ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು.

ರಾಸ್ ಅವರತ್ತ ಮರಳಿದರೆ, 1895ರಲ್ಲಿ ಅವರು ಸಿಕಂದರಾಬಾದಿನಲ್ಲಿ ಸೊಳ್ಳೆ ಕೊಯ್ಯಲು ಶುರುಮಾಡಿದ್ದರು. ಅದೇ ವರ್ಷ ಕಾಲರಾ ನಿಯಂತ್ರಣಕ್ಕೆಂದು ಮತ್ತೆ ಬೆಂಗಳೂರಿಗೆ ಕಳಿಸಿದ್ದರಿಂದ ಕೆಲಸ ತುಂಡಾಯಿತು. 1897ರಲ್ಲಿ ರಜೆಯ ಮೇಲೆ ಊಟಿಗೆ ಹೋಗಿ, ಕೆಳಗಿನ ಸಿಗೂರು ಘಾಟಿಯಲ್ಲಿ ಮಲೇರಿಯ ಹುಡುಕುತ್ತಾ ಅವರೇ ಮಲೇರಿಯಕ್ಕೆ ಬಿದ್ದರು. ಕ್ವಿನೈನ್ ಉಳಿಸಿತು. ಜೂನ್‌ನಲ್ಲಿ ಸಿಕಂದರಾಬಾದಿಗೆ ವಾಪಸು. ಸೆಕೆಗಾಲ. ಪಂಖ ಎಳೆಸಿದರೆ ಸೊಳ್ಳೆ ಹಾರಿಹೋಗುತ್ತದೆಂದು ಬೆವರಿನಲ್ಲೇ ಕೂರುತ್ತಿದ್ದರು; ಸೂಕ್ಷ್ಮದರ್ಶಕದ ತಿರುಪು ಬೆವರಿಗೆ ತುಕ್ಕು ಹಿಡಿದಿತ್ತು. ಅಷ್ಟು ದಿನವೂ ಅವರು ಕೊಯ್ದದ್ದು ಹೆಚ್ಚಾಗಿ ತಪ್ಪು ಜಾತಿಯ ಸೊಳ್ಳೆಗಳನ್ನು.

ಆಗಸ್ಟ್ 16ರಂದು ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಕೆಲವು ಸೊಳ್ಳೆಗಳಿಂದ ಹುಸೇನ್ ಖಾನ್ ಎಂಬ ಮಲೇರಿಯ ರೋಗಿಯನ್ನು ಕಚ್ಚಿಸಿದರು. ಸೊಳ್ಳೆಗೆ ಒಂದಾಣೆಯಂತೆ ಆತನಿಗೆ ಹಣ ಸಂದಿತು. ಆಗಸ್ಟ್ 20ರಂದು, ಉಳಿದಿದ್ದ ಒಂದೆರಡರಲ್ಲಿ ಒಂದನ್ನು ಕೊಯ್ದಾಗ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವು ಸೊಳ್ಳೆಯದಲ್ಲ ಎಂದು ರಾಸ್ ಹೇಳಬಲ್ಲವರಾದದ್ದು ಒಳಗಿದ್ದ ಕಪ್ಪು ಚುಕ್ಕೆಗಳಿಂದ. ಲ್ಯಾವೆರಾನ್ ಮನುಷ್ಯರ ರಕ್ತದಲ್ಲಿ ನೋಡಿದ್ದ ಅದೇ ಕಪ್ಪು. ಹುಸೇನ್ ಖಾನ್‌ನ ಹಿಮೋಗ್ಲೋಬಿನ್ ಜೀರ್ಣವಾಗಿ ಉಳಿದ ಚೂರು ಸೊಳ್ಳೆಯ ಹೊಟ್ಟೆಯಲ್ಲಿ ಸಾಕ್ಷಿಯಾಗಿ ಸಿಕ್ಕಿತ್ತು. ಪಠ್ಯಪುಸ್ತಕ ರಾಸ್ ಹೆಸರನ್ನು ಹೇಳುತ್ತದೆ. ಹುಸೇನ್ ಖಾನ್ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕು ಎಂದು ನನ್ನ ಅಭಿಪ್ರಾಯ.

ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯದ ಮೇಲೆ ಕೆಲಸ ಮಾಡಿ, ಪರಜೀವಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರುವುದನ್ನು ತೋರಿಸಿದರು. 1899ರಲ್ಲಿ ಭಾರತ ಬಿಟ್ಟರು. 1902ರಲ್ಲಿ ನೊಬೆಲ್ ಬಂತು. ಅನಂತರದ ದಿನಗಳು ಅಷ್ಟು ಸೊಗಸಲ್ಲ: ಇಟಲಿಯ ಗ್ರಾಸ್ಸಿಯವರೊಡನೆ ಯಾರು ಮೊದಲು ಎಂಬ ಜಗಳ, ಕಲಿಸಿದ ಮ್ಯಾನ್ಸನ್ನರೊಡನೆಯೂ ಮನಸ್ತಾಪ.

ಸೊಳ್ಳೆ ಹುಟ್ಟುವ ನೀರನ್ನೇ ಇಲ್ಲವಾಗಿಸಬೇಕು ಎಂಬ ಬೆಂಗಳೂರಿನ ತೊಟ್ಟಿಯ ಪಾಠವನ್ನು ಮಾತ್ರ ಅವರು ಕೊನೆಯವರೆಗೂ ಹಿಡಿದಿದ್ದರು. ಮಲೆನಾಡಿನಲ್ಲಿ ತೊಟ್ಟಿ ಬಗ್ಗಿಸಿದರೆ ಸಾಲದು. ಇಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಮರಿಮಾಡುವುದು ನಿಧಾನವಾಗಿ ಹರಿಯುವ ತೊರೆಗಳ ಹುಲ್ಲಂಚಿನಲ್ಲಿ, ಮತ್ತು ಹಳ್ಳ ಎಂಬುದು ನಮ್ಮ ಊರಿನ ಹೆಸರಿನಲ್ಲೇ ಇದೆ. ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಘಟ್ಟದ ತೋಟದ ಕೆಲಸಕ್ಕೆ ಬರಲು ಹಿಂಜರಿಯುತ್ತಿದ್ದ ಕಾಲವಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಗೋಡೆಗಳಿಗೆ ಡಿಡಿಟಿ ಬಿದ್ದ ಮೇಲೆ ಆ ಭಯ ಇಳಿಯಿತು. ರಾಸ್ ಅದನ್ನು ನೋಡಲಿಲ್ಲ. 1932ರ ಸೆಪ್ಟೆಂಬರ್ 16ರಂದು, ಲಂಡನ್ನಿನಲ್ಲಿ ತಮ್ಮದೇ ಹೆಸರಿನ ಸಂಸ್ಥೆಯಲ್ಲಿ ತೀರಿಕೊಂಡಿದ್ದರು.