ಮನೆಮಂದಿ ಕೂತು ಕೇಳಿದ ಸಾಹಸಕಥೆ: ರಾಬರ್ಟ್ ಲೂಯಿಸ್ ಸ್ಟೀವನ್‌ಸನ್

ಮಕ್ಕಳ ಪುಸ್ತಕ ರೋಚಕವಾಗಿದ್ದರೆ ಅದು ಒಳ್ಳೆಯದಲ್ಲ, ಒಳ್ಳೆಯದಾಗಿದ್ದರೆ ಬೇಸರ ತರಿಸುತ್ತದೆ ಎಂಬ ಭಾವನೆ ಎಷ್ಟೋ ಮನೆಗಳಲ್ಲೂ ಶಾಲೆಗಳಲ್ಲೂ ಇದೆ. ಕಡಲ್ಗಳ್ಳರು, ಮೋಸ, ಹೂತಿಟ್ಟ ಹೊನ್ನು ಇವನ್ನೇ ವಸ್ತುವಾಗಿಸಿಕೊಂಡು, ಮನೆಮಂದಿಯೆಲ್ಲ ಒಟ್ಟಿಗೆ ಓದಬಹುದಾದ ಪುಸ್ತಕ ಬರೆದು ಈ ಭಾವನೆಯನ್ನು ಸುಳ್ಳಾಗಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್. ಅವನ ‘ಟ್ರೆಷರ್ ಐಲೆಂಡ್’ ಹೇಗೆ ಹುಟ್ಟಿತು ಎಂಬುದನ್ನು ಭಾಷಾ ಶಿಕ್ಷಕರಾಗಲಿರುವವರು ತಿಳಿಯಬೇಕು.

ಬಾಲ್ಯ

ಸ್ಟೀವನ್‌ಸನ್ ಹುಟ್ಟಿದ್ದು 1850ರ ನವೆಂಬರ್ 13ರಂದು, ಎಡಿನ್‌ಬರೋ ನಗರದಲ್ಲಿ. ಅವನದು ದೀಪಸ್ತಂಭ ಕಟ್ಟುವವರ ಮನೆತನ. ಅಲೆಗಳ ನಡುವಿನ ಬಂಡೆಯ ಮೇಲೆ ನಿಂತಿರುವ ಬೆಲ್ ರಾಕ್ ದೀಪಸ್ತಂಭದ ನಿರ್ಮಾಣದಲ್ಲಿ ಅಜ್ಜ ರಾಬರ್ಟ್ ಸ್ಟೀವನ್‌ಸನ್ ಹೆಸರು ಮಾಡಿದ್ದರು. ತಂದೆ ಥಾಮಸ್ ಕೂಡ ಅದೇ ವೃತ್ತಿಯ ಎಂಜಿನಿಯರ್.

ಮಗುವಿಗೆ ಎದೆಯ ಕಾಯಿಲೆ. ಕೆಮ್ಮು, ಜ್ವರಗಳಿಂದ ರಾತ್ರಿಯೆಲ್ಲ ನಿದ್ದೆ ಬಾರದೆ ಒದ್ದಾಡುತ್ತಿದ್ದ. ಆಗ ಪಕ್ಕದಲ್ಲಿ ಕೂತು ಬೈಬಲ್ಲಿನ ಕಥೆಗಳನ್ನೂ ಧರ್ಮಕ್ಕಾಗಿ ಪ್ರಾಣ ಕೊಟ್ಟ ಸ್ಕಾಟಿಷ್ ಜನರ ಕಥೆಗಳನ್ನೂ ಭಾವ ತುಂಬಿ ಹೇಳುತ್ತಿದ್ದವಳು ದಾದಿ ಆಲಿಸನ್ ಕನ್ನಿಂಗ್‌ಹ್ಯಾಮ್. ಅಕ್ಷರವನ್ನು ಕಣ್ಣಿನಿಂದ ಓದುವ ಮೊದಲೇ ಭಾಷೆಯ ಲಯ ಅವನ ಕಿವಿಗೆ ಬಿದ್ದಿತ್ತು. ಆರನೆಯ ವಯಸ್ಸಿಗೆ ಅವನು ಮೋಸೆಯ ಚರಿತ್ರೆಯನ್ನು ಬಾಯಲ್ಲಿ ಹೇಳಿದ, ತಾಯಿ ಬರೆದುಕೊಂಡರು. 1885ರಲ್ಲಿ ಮಕ್ಕಳಿಗಾಗಿ ತಂದ ಕವಿತಾ ಸಂಕಲನವನ್ನು ಅವನು ಅರ್ಪಿಸಿದ್ದು ಆ ದಾದಿಗೇ.

ತಂದೆ ಮತ್ತು ಮಗ

ಮಗನೂ ದೀಪಸ್ತಂಭ ಕಟ್ಟಬೇಕೆಂಬುದು ತಂದೆಯ ಆಸೆ. 1867ರಲ್ಲಿ ಸ್ಟೀವನ್‌ಸನ್ ಎಂಜಿನಿಯರಿಂಗ್ ಓದಲು ವಿಶ್ವವಿದ್ಯಾಲಯ ಸೇರಿದ. ಬಂದರಿನ ಕಾಮಗಾರಿಗಳಿಗೆ ಹೋಗಿ ಮುಳುಗುಗಾರನ ಉಡುಪು ತೊಟ್ಟು ಸಮುದ್ರದ ತಳಕ್ಕೂ ಇಳಿದ. ಆದರೆ ಮನಸ್ಸು ಬರವಣಿಗೆಯಲ್ಲಿತ್ತು. 1871ರಲ್ಲಿ ಅದನ್ನು ತಂದೆಗೆ ಹೇಳಿಬಿಟ್ಟ. ಜೀವನಕ್ಕೊಂದು ದಾರಿ ಬೇಕಲ್ಲವೆಂದು ಕಾನೂನು ಓದಿ 1875ರಲ್ಲಿ ವಕೀಲನಾದರೂ ಆ ವೃತ್ತಿ ಅವನಿಗೆ ಹಿಡಿಸಲಿಲ್ಲ. ಈ ನಡುವೆ ದೇವರು, ಧರ್ಮದ ವಿಷಯದಲ್ಲಿ ತಂದೆಮಗನ ನಡುವೆ ದೊಡ್ಡ ಬಿರುಕು ಬಿಟ್ಟಿತ್ತು. ತನಗಿಂತ ಹತ್ತು ವರ್ಷ ದೊಡ್ಡವಳಾದ, ಮಕ್ಕಳಿದ್ದ ಅಮೆರಿಕದ ಫ್ಯಾನಿ ಆಸ್‌ಬೋರ್ನ್‌ಳನ್ನು ಹುಡುಕಿಕೊಂಡು ಅವನು 1879ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಮನೆಯವರ ಸಂಕಟ ಇನ್ನೂ ಹೆಚ್ಚಿತು. 1880ರಲ್ಲಿ ಮದುವೆಯಾಗಿ ಹೆಂಡತಿಯೊಂದಿಗೆ ಸ್ಕಾಟ್ಲೆಂಡಿಗೆ ಮರಳಿದ. ಹೆತ್ತವರು ಸೊಸೆಯನ್ನು ಪ್ರೀತಿಯಿಂದಲೇ ಬರಮಾಡಿಕೊಂಡರು.

ಮಳೆಗಾಲದ ನಕ್ಷೆ

1881ರ ಆಗಸ್ಟ್‌ನಲ್ಲಿ ಈ ಕುಟುಂಬ ಬ್ರೇಮಾರ್ ಎಂಬ ಗುಡ್ಡಗಾಡಿನ ಊರಿನಲ್ಲಿ ಬಾಡಿಗೆ ಮನೆ ಹಿಡಿದಿತ್ತು. ಬಿಡದ ಮಳೆ, ಚಳಿ. ಫ್ಯಾನಿಯ ಮಗ ಲಾಯ್ಡ್‌ಗೆ ಆಗ 13 ವರ್ಷ. ಹೊರಗೆ ಹೋಗಲಾಗದ ಹುಡುಗ ಜಲವರ್ಣದ ಪೆಟ್ಟಿಗೆ ಇಟ್ಟುಕೊಂಡು ಚಿತ್ರ ಬಿಡಿಸುತ್ತಿದ್ದ. 30 ವರ್ಷದ ಮಲತಂದೆ ಅವನ ಪಕ್ಕ ಕೂತು ತಾನೂ ಬಿಡಿಸತೊಡಗಿದ. ಆ ಆಟದಲ್ಲೇ ಒಂದು ದ್ವೀಪದ ನಕ್ಷೆ ತಯಾರಾಯಿತು. ಅದರಲ್ಲಿ ಕೊಲ್ಲಿಗಳು, ಗುಡ್ಡಗಳು, ನಿಧಿ ಹೂತಿಟ್ಟ ಗುರುತುಗಳು. ನಕ್ಷೆ ನೋಡುತ್ತಿದ್ದಂತೆ ಅಲ್ಲಿ ಓಡಾಡುವ ಜನ ಸ್ಟೀವನ್‌ಸನ್ನನ ಕಣ್ಣಿಗೆ ಕಟ್ಟಿದರು.

ದಿನಕ್ಕೊಂದು ಅಧ್ಯಾಯದಂತೆ 15 ದಿನ ಬರೆದ. ಬೆಳಗ್ಗೆ ಬರೆದದ್ದನ್ನು ಊಟದ ನಂತರ ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತಿದ್ದ. ಹುಡುಗನಿಗಾಗಿ ಶುರುವಾದ ಕಥೆಗೆ ಅವನ ಜೊತೆಗೇ ಸೋತುಹೋದ ಮತ್ತೊಬ್ಬರು ಮುದುಕ ಥಾಮಸ್! ಹಡಗು, ದಾರಿಬದಿಯ ಛತ್ರ, ದರೋಡೆಕೋರರ ಕಥೆಗಳನ್ನು ಮನಸ್ಸಿನಲ್ಲೇ ಹೆಣೆದುಕೊಳ್ಳುತ್ತಾ ನಿದ್ದೆಹೋಗುವುದು ಅವರ ಜೀವಮಾನದ ಅಭ್ಯಾಸವಾಗಿತ್ತು. ಸತ್ತ ನಾವಿಕನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಅವರು ಯೋಚಿಸಿ ಪಟ್ಟಿ ಮಾಡಿಕೊಟ್ಟರು. ಮಗ ಅದನ್ನೇ ಕಥೆಯಲ್ಲಿ ಬಳಸಿಕೊಂಡ. ಮಗ ಎಂಜಿನಿಯರ್ ಆಗಲಿಲ್ಲವೆಂದು ನೊಂದಿದ್ದ ತಂದೆ ಹೀಗೆ ಮಗನ ಕೆಲಸದಲ್ಲಿ ಪಾಲುಗಾರರಾದರು.

16ನೆಯ ಅಧ್ಯಾಯಕ್ಕೆ ಬಂದಾಗ ಬರವಣಿಗೆ ನಿಂತುಹೋಯಿತು. ಆದರೆ ಕಥೆ ಅದಾಗಲೇ ಒಂದು ಮಕ್ಕಳ ವಾರಪತ್ರಿಕೆಗೆ ಹೋಗಿತ್ತು, ಅಕ್ಟೋಬರ್‌ನಲ್ಲಿ ಧಾರಾವಾಹಿ ಆರಂಭವೂ ಆಯಿತು. ಶ್ವಾಸಕೋಶದ ಚಿಕಿತ್ಸೆಗೆಂದು ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋದ ಮೇಲೆ ಮತ್ತೆ ದಿನಕ್ಕೊಂದು ಅಧ್ಯಾಯದಂತೆ ಬರೆದು ಮುಗಿಸಿದ. ಧಾರಾವಾಹಿಗೆ ಹೇಳಿಕೊಳ್ಳುವಂಥ ಸ್ವಾಗತ ಸಿಗಲಿಲ್ಲ. 1883ರಲ್ಲಿ ಪುಸ್ತಕವಾದಾಗ ಮಾತ್ರ ಹಿರಿಯರು ಕಿರಿಯರೆನ್ನದೆ ಎಲ್ಲರೂ ಓದಿದರು. ಮುದ್ರಣಕ್ಕೆ ಕಳಿಸಿದ್ದ ಮೂಲ ನಕ್ಷೆ ಕಳೆದುಹೋಗಿದ್ದರಿಂದ, ಕಥೆಯನ್ನೇ ಆಧಾರವಾಗಿಟ್ಟುಕೊಂಡು ತಂದೆಯ ಕಚೇರಿಯಲ್ಲಿ ಹೊಸ ನಕ್ಷೆ ಮಾಡಿಸಬೇಕಾಯಿತು. ಕಡಲ್ಗಳ್ಳ ನಾಯಕನ ಸಹಿಯನ್ನು ಅದಕ್ಕೆ ಹಾಕಿದವರು ಥಾಮಸ್ ಅವರೇ.

ಕಥೆಯ ಆರೋಗ್ಯ ಎಲ್ಲಿದೆ?

ಈ ಪುಸ್ತಕದಲ್ಲಿ ಉಪದೇಶವಿಲ್ಲ. ಜಾಣ, ಮಾತುಗಾರ, ಹುಡುಗನನ್ನು ಪ್ರೀತಿಯಿಂದ ಕಾಣುವ ಒಂಟಿಕಾಲಿನ ಅಡುಗೆಯವ ಲಾಂಗ್ ಜಾನ್ ಸಿಲ್ವರ್ ಕೊಲೆಗಾರನೂ ಹೌದು. ಸೇಬಿನ ಪೀಪಾಯಿಯೊಳಗೆ ಕೂತ ಜಿಮ್, ತಾನು ನಂಬಿದ ಅದೇ ಮನುಷ್ಯ ಸಂಚು ಹೂಡುವುದನ್ನು ಕೇಳಿಸಿಕೊಳ್ಳುತ್ತಾನೆ. ಸವಿಮಾತಿನವರೆಲ್ಲ ಒಳ್ಳೆಯವರಲ್ಲ ಎಂದು ಲೇಖಕ ಹೇಳುವುದಿಲ್ಲ, ಓದುವ ಮಗುವೇ ಕಂಡುಕೊಳ್ಳುತ್ತದೆ. ಮುಂದೆ ಕಡಲ್ಗಳ್ಳರ ಸೆರೆಯಲ್ಲಿದ್ದಾಗ ಓಡಿಹೋಗೋಣವೆಂದು ವೈದ್ಯರು ಒತ್ತಾಯಿಸುತ್ತಾರೆ. ಸಿಲ್ವರ್‌ಗೆ ಮಾತು ಕೊಟ್ಟಿದ್ದೇನೆಂದು ಜಿಮ್ ಓಡುವುದಿಲ್ಲ. ಕಳ್ಳನಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕೇ? ಇದು ದೊಡ್ಡವರನ್ನೂ ಯೋಚನೆಗೆ ಹಚ್ಚುವ ಪ್ರಶ್ನೆ. ಕೊನೆಗೆ ನಿಧಿ ಸಿಕ್ಕರೂ ಜಿಮ್‌ಗೆ ಆ ದ್ವೀಪಕ್ಕೆ ಮರಳುವ ಆಸೆಯೇ ಉಳಿದಿಲ್ಲ.

ಕೊರತೆಯೂ ಇದೆ. ಹೆಂಗಸರು ಬೇಡವೆಂದು ಲಾಯ್ಡ್ ಹಟ ಹಿಡಿದಿದ್ದರಿಂದ ಜಿಮ್‌ನ ತಾಯಿಯನ್ನು ಬಿಟ್ಟರೆ ಹೆಣ್ಣು ಪಾತ್ರ ಇಲ್ಲವೆನ್ನಬಹುದು. ಆ ತಾಯಿಯೋ, ಪ್ರಾಣಕ್ಕೆ ಅಪಾಯವಿದ್ದರೂ ಸತ್ತ ನಾವಿಕನಿಂದ ತನಗೆ ಬರಬೇಕಾದ ಬಾಕಿಯನ್ನಷ್ಟೇ ಎಣಿಸಿಕೊಳ್ಳುವ ಹೆಂಗಸು. ತರಗತಿಯಲ್ಲಿ ಈ ದೃಶ್ಯಕ್ಕೆ ಸಮಯ ಕೊಡಬೇಕು.

ಕಥೆಗಾರನ ಕೊನೆಯ ವರ್ಷಗಳು

1886ರಲ್ಲಿ ‘ಕಿಡ್ನ್ಯಾಪ್ಡ್’ ಬಂತು. ಮರುವರ್ಷ ತಂದೆ ತೀರಿಕೊಂಡರು. ಆರೋಗ್ಯಕ್ಕೆ ಒಗ್ಗುವ ಹವೆ ಹುಡುಕುತ್ತ ಹೋದ ಸ್ಟೀವನ್‌ಸನ್ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಮನೆ ಕಟ್ಟಿದ. ಅಲ್ಲಿನ ಜನ ಅವನನ್ನು ಕಥೆಗಾರ ಎಂಬರ್ಥದ ‘ತುಸಿತಾಲಾ’ ಎಂಬ ಹೆಸರಿನಿಂದ ಕರೆದರು. ಬ್ರೇಮಾರ್‌ನಲ್ಲಿ ಕಥೆ ಕೇಳಿದ್ದ ಲಾಯ್ಡ್ ದೊಡ್ಡವನಾಗಿ ಅವನ ಜೊತೆ ಸೇರಿ ಮೂರು ಪುಸ್ತಕಗಳನ್ನು ಬರೆದ. 1894ರ ಡಿಸೆಂಬರ್ 3ರಂದು, 44ನೆಯ ವಯಸ್ಸಿನಲ್ಲಿ, ಸ್ಟೀವನ್‌ಸನ್ ತೀರಿಕೊಂಡ. ವಾಯಿಯಾ ಬೆಟ್ಟದ ನೆತ್ತಿಗೆ ದಾರಿ ಕಡಿದು ಅವನ ದೇಹವನ್ನು ಹೊತ್ತೊಯ್ದವರು ಸಮೋವಾದ ಜನ.

ಅಭ್ಯಾಸ ಪಾಠಕ್ಕೆ

ಪ್ರಶಿಕ್ಷಣಾರ್ಥಿಗಳು ಕಥೆಯ ಪಾಠ ಮುಗಿಸುವಾಗ ಕಪ್ಪುಹಲಗೆಯ ಮೇಲೆ ‘ನೀತಿ’ ಎಂದು ಬರೆದು ಗೆರೆ ಎಳೆಯುವುದು ರೂಢಿ. ಗೆರೆ ಎಳೆದೊಡನೆ ಮಕ್ಕಳ ಯೋಚನೆಯೂ ನಿಲ್ಲುತ್ತದೆ. ಸಾಹಸಕಥೆಯನ್ನು ಆರಿಸಿದಾಗ ಬೇರೆ ಕ್ರಮ ಪ್ರಯತ್ನಿಸಬಹುದು. ಪೀಪಾಯಿಯ ಸನ್ನಿವೇಶದವರೆಗೆ ಶಿಕ್ಷಕರೇ ಗಟ್ಟಿಯಾಗಿ ಓದಲಿ, ಕುತೂಹಲ ಹೆಚ್ಚಿದಲ್ಲಿ ನಿಲ್ಲಿಸಲಿ. ಮಕ್ಕಳು ಗುಂಪಿನಲ್ಲಿ ದ್ವೀಪದ ನಕ್ಷೆ ಬಿಡಿಸಲಿ. ಹಳೆಯ ನಾವಿಕನ ಟ್ರಂಕಿನಲ್ಲಿ ಏನಿದ್ದೀತು ಎಂದು ಅಜ್ಜ, ಅಜ್ಜಿ, ಅಪ್ಪ, ಅಮ್ಮನನ್ನು ಕೇಳಿ ಪಟ್ಟಿ ಮಾಡಿ ತರುವುದು ಮನೆಗೆಲಸವಾಗಲಿ. ಜಿಮ್ ಓಡಬೇಕಿತ್ತೇ ಎಂದು ಕೇಳಿದ ಮೇಲೆ ಶಿಕ್ಷಕರು ತಮ್ಮ ಉತ್ತರ ಕೊಡುವ ಆತುರ ಬೇಡ. ಆ ಚರ್ಚೆ ಮಕ್ಕಳ ಜೊತೆ ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಮುಂದುವರಿದರೆ ಪಾಠದ ಉದ್ದೇಶ ಈಡೇರಿದಂತೆಯೇ.