ಕೊಲೆಗಾರನಿಗೆ ತೆರೆದ ಬಾಗಿಲು

ಸಂತ ಮರಿಯ ಗೊರೆಟ್ಟಿಯನ್ನು ನೀವೆಲ್ಲ ಬಲ್ಲಿರಿ. ನಿಮ್ಮ ಮನೆಯಲ್ಲೇ ಆ ಹೆಸರಿನ ಮಗಳೊಬ್ಬಳು ಇರಬಹುದು. ಆಕೆಯನ್ನು ಕೊಂದವನ ಗತಿ ಏನಾಯಿತೆಂದು ಎಂದಾದರೂ ವಿಚಾರಿಸಿದ್ದೀರಾ? ಸೆರೆಮನೆ ಅಪರಾಧಿಯನ್ನು ತಿದ್ದೀತೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವವನು ಅವನೇ, ಅಲೆಸ್ಸಾಂದ್ರೊ ಸೆರೆನೆಲ್ಲಿ.

1882ರಲ್ಲಿ ಇಟಲಿಯ ಅಂಕೋನಾ ಬಳಿ ಬಡವರ ಮನೆಯಲ್ಲಿ ಹುಟ್ಟಿದ. ತಾಯಿಯ ಆರೈಕೆ ಹೆಚ್ಚು ಕಾಲ ಸಿಗಲಿಲ್ಲ. ಎಳೆಯ ವಯಸ್ಸಿನಲ್ಲೇ ಕಡಲ ಕೆಲಸಕ್ಕೆ ಹೋದ. ಆಮೇಲೆ ತಂದೆಯೊಡನೆ ನೆತ್ತೂನೊ ಸಮೀಪದ ಜೌಗು ಸೀಮೆಗೆ ಬಂದು, ಗೊರೆಟ್ಟಿ ಕುಟುಂಬದೊಡನೆ ಒಂದೇ ಸೂರಿನಡಿ ಇದ್ದುಕೊಂಡು ಬೇಸಾಯ ಮಾಡಿದ. ಕೆಟ್ಟ ಸಹವಾಸ ಹಾಗೂ ಕೆಟ್ಟ ಪತ್ರಿಕೆಗಳೇ ತನ್ನನ್ನು ದಾರಿ ತಪ್ಪಿಸಿದವೆಂದು ಮುಪ್ಪಿನಲ್ಲಿ ತಾನೇ ಬರೆದಿಟ್ಟಿದ್ದಾನೆ. (ಹೆತ್ತವರೇ, ಮಕ್ಕಳ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡಿರಿ.)

1902ರ ಜುಲೈ 5ರಂದು, ತನ್ನ ಇಚ್ಛೆಗೆ ಮಣಿಯದ 11 ವರ್ಷದ ಮರಿಯಳನ್ನು ಅವನು 14 ಬಾರಿ ಇರಿದ. ಮರುದಿನ ಆಸ್ಪತ್ರೆಯಲ್ಲಿ ಆಕೆ ಅವನನ್ನು ಕ್ಷಮಿಸಿ ಪ್ರಾಣಬಿಟ್ಟಳು. ಅವನಿಗಾಗ 20 ವರ್ಷ. ಅಂದಿನ ಕಾನೂನಿನಂತೆ ಇನ್ನೂ ಅಪ್ರಾಪ್ತ. ಹಾಗಾಗಿ 30 ವರ್ಷಗಳ ಶಿಕ್ಷೆಯಾಯಿತು.

ಶಿಕ್ಷೆಗೆ ಔಷಧಿಯ ಗುಣವೂ ಉಂಟೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಆದರೆ ಮೊದಲ ವರ್ಷಗಳಲ್ಲಿ ಆ ಔಷಧಿ ಇವನಿಗೆ ತಾಗಲೇ ಇಲ್ಲ. ಒಂಟಿ ಕೋಣೆಯ ಸೆರೆ ಅವನನ್ನು ಇನ್ನಷ್ಟು ಕಲ್ಲಾಗಿಸಿತು. ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ಗೋಡೆಗಳು ಅವನನ್ನು ಹಿಡಿದಿಟ್ಟವು, ಅಷ್ಟೆ. ಅವನು ಕರಗಿದ್ದು ಸಿಸಿಲಿಯ ನೋತೊ ಸೆರೆಮನೆಯಲ್ಲಿ. ಅಲ್ಲಿಯ ಧರ್ಮಾಧ್ಯಕ್ಷ ಜೊವಾನ್ನಿ ಬ್ಲಾಂದಿನಿಯವರು ಈ ಕೊಲೆಗಾರನನ್ನು ಹುಡುಕಿಕೊಂಡು ಬಂದು, ಮರಿಯಳ ಕ್ಷಮೆಯ ಮಾತು ತೆಗೆದರು. ಕನಸಿನಲ್ಲಿ ಮರಿಯಳೇ ತನ್ನ ಕೈಗೆ ಲಿಲ್ಲಿ ಹೂಗಳನ್ನಿತ್ತಳೆಂದೂ ಅವನು ಹೇಳಿಕೊಂಡ. ಇವೆರಡೂ ಕಾರಾಗೃಹದ ನಿಯಮಾವಳಿಯಲ್ಲಿ ಇದ್ದವಲ್ಲ ಎಂಬುದನ್ನು ಗಮನಿಸಿರಿ.

ಒಳ್ಳೆಯ ನಡತೆಗಾಗಿ 3 ವರ್ಷ ಕಡಿತವಾಗಿ, 1929ರಲ್ಲಿ ಬಿಡುಗಡೆ ಸಿಕ್ಕಿತು. ಕಾನೂನಿನ ಲೆಕ್ಕ ತೀರಿತು. ಅವನ ಲೆಕ್ಕ ತೀರಿರಲಿಲ್ಲ. ಕೂಲಿನಾಲಿ ಮಾಡಿಕೊಂಡು ಐದು ವರ್ಷ ಕಳೆದ. 1934ರ ಕ್ರಿಸ್ತಜಯಂತಿಗೆ ಕೊರಿನಾಲ್ದೊ ಊರಿಗೆ ಹೋಗಿ ಗುರುಗಳ ಮನೆಯ ಬಾಗಿಲು ತಟ್ಟಿದ. ಅಲ್ಲಿ ಮನೆಗೆಲಸಕ್ಕಿದ್ದವರು ಮರಿಯಳ ತಾಯಿ ಅಸ್ಸೂಂತಾ. ಕ್ಷಮೆ ಬೇಡಿದ. ಮಗಳೇ ಕ್ಷಮಿಸಿರುವಾಗ ತಾನು ಹೇಗೆ ಇಲ್ಲವೆನ್ನಲಿ ಎಂದುಕೊಂಡ ಆ ತಾಯಿ ಅವನನ್ನು ಕ್ಷಮಿಸಿದರು. ಆ ಹಬ್ಬದ ಬಲಿಪೂಜೆಯಲ್ಲಿ ಇಬ್ಬರೂ ಅಕ್ಕಪಕ್ಕದಲ್ಲಿ ಪರಮಪ್ರಸಾದ ಸ್ವೀಕರಿಸಿದರು. ಊರಿನ ಜನ ನೋಡುತ್ತಲೇ ಇದ್ದರು.

ವಾಚಕರೇ, ನಿಮ್ಮ ಬೀದಿಗೆ ಸೆರೆಯಿಂದ ಬಿಡುಗಡೆಯಾದವನೊಬ್ಬ ಬಂದರೆ ಬಾಡಿಗೆಗೆ ಮನೆ ಕೊಡುತ್ತೀರಾ? ಕೆಲಸ ಕೊಡುತ್ತೀರಾ? ಅಲೆಸ್ಸಾಂದ್ರೊಗೆ ಕೊಟ್ಟವರು ಕಪುಚಿನ್ ಸನ್ಯಾಸಿಗಳು. 1950ರಲ್ಲಿ ಮರಿಯಳನ್ನು ಸಂತಳೆಂದು ಸಾರಿದಾಗ ಅವರಿಗೆ 68 ವರ್ಷ. ಮಠದ ತೋಟದಲ್ಲಿ ದುಡಿದು, ಬಾಗಿಲು ಕಾದು, 1970ರ ಮೇ 6ರಂದು ಮಚೆರಾತಾದ ಮಠದಲ್ಲಿ ಅವರು ಕಣ್ಣುಮುಚ್ಚಿದರು.