ಬರೋಡಾದಲ್ಲಿ ಕೂತು ಪುಣೆಯ ಮನೆ ಬರೆದವರು

ಮುಂಬಯಿಗೆ ಬಂದ ಹೊಸತರಲ್ಲಿ ಮರಾಠಿ ಬೇಗ ಬಂತು. ತರಕಾರಿಯವರ ಜೊತೆ, ರಿಕ್ಷಾದವರ ಜೊತೆ, ಸೊಸೈಟಿಯ ವಾಚ್‌ಮನ್ ಜೊತೆ ವ್ಯವಹರಿಸುವಷ್ಟನ್ನು ಆರು ತಿಂಗಳಲ್ಲಿ ಕಲಿತೆ. ಬಾರದೇ ಉಳಿದದ್ದು ನಗು. ಐರೋಲಿಯ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಕೂತಾಗ ಯಾರೋ ಒಬ್ಬರು ಏನೋ ಅನ್ನುತ್ತಿದ್ದರು, ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಪದಗಳೆಲ್ಲ ಗೊತ್ತಾಗಿರುತ್ತಿದ್ದವು, ಆದರೂ ಒಂದು ಗಳಿಗೆ ತಡವಾಗಿ ಸುಮ್ಮನೆ ಹಲ್ಲು ಕಿರಿಯುತ್ತಿದ್ದೆ. ಊರು ಬಿಟ್ಟು ಬಂದವರಿಗೆಲ್ಲ ಈ ಹಲ್ಲುಕಿರಿತ ಗೊತ್ತಿರುತ್ತದೆ.

ಒಂದು ದಿನ ನಮ್ಮ ತಂಡದ ಗಟ್ಟಿಮುಟ್ಟಾದ ಹುಡುಗನೊಬ್ಬ, ಬಡಕಲು ಗೆಳೆಯನ ಪರವಾಗಿ ಕ್ಯಾಂಟೀನಿನವರ ಹತ್ತಿರ ಜಗಳಕ್ಕೆ ಹೋಗಿ, ಇದ್ದ ತೊಂದರೆಯನ್ನು ಇಮ್ಮಡಿ ಮಾಡಿಕೊಂಡು ಬಂದ. ಬಂದವನೇ ಎಲ್ಲರ ಬಾಯಲ್ಲೂ ಗುಂಡ್ಯಾಭಾವು ಆದ. ನನ್ನ ಕಿವಿಗೆ ಅದು ನಮ್ಮ ಗುಂಡಣ್ಣನ ಹಾಗೇ ಕೇಳಿಸಿತು. ಯಾರು ಈ ಗುಂಡಣ್ಣ ಎಂದು ಆ ಸಂಜೆ ಡೊಂಬಿವಲಿಯಲ್ಲಿ ನಮ್ಮ ಕೆಳಗಿನ ಮನೆಯ ಕಾಕಾ ಅವರನ್ನು ಕೇಳಿದೆ. ರೈಲ್ವೆಯಿಂದ ನಿವೃತ್ತರಾದ ಅವರು ಉತ್ತರ ಹೇಳುವ ಬದಲು ಒಳಗೆ ಹೋಗಿ, ಬೆನ್ನು ಕಿತ್ತುಹೋಗಿದ್ದ ಒಂದು ಪುಸ್ತಕ ತಂದು ಕೈಗಿಟ್ಟರು. ಮೇಲೆ ಚಿಂ. ವಿ. ಜೋಶಿ ಎಂದಿತ್ತು.

ಚಿಂತಾಮಣ ವಿನಾಯಕ ಜೋಶಿ ಹುಟ್ಟಿದ್ದು 1892ರ ಜನವರಿಯಲ್ಲಿ, ಪುಣೆಯಲ್ಲಿ. ಓದಿದ್ದೂ ಅಲ್ಲೇ. ಅದೇ ವರುಷಗಳಲ್ಲಿ ಧರ್ಮಾನಂದ ಕೋಸಂಬಿಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸುತ್ತಿದ್ದರು, ಪುಣೆಯ ತರುಣರಲ್ಲಿ ಬೌದ್ಧ ಗ್ರಂಥಗಳ ಬಗ್ಗೆ ಹೊಸ ಆಸಕ್ತಿ ಹುಟ್ಟಿತ್ತು. ಜೋಶಿಯವರೂ ಆ ದಾರಿ ಹಿಡಿದರು. 1916ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಇಂಗ್ಲಿಷಿನಲ್ಲಿ ಒಂದು ಪಾಲಿ ಕೈಪಿಡಿ ಬರೆದರು. ಶಾಲಾ ಮೇಷ್ಟರಾಗಿ ಕೆಲವು ಕಾಲ ದುಡಿದು, ಆಮೇಲೆ ಸಯಾಜಿರಾವ್ ಗಾಯಕವಾಡರ ಬರೋಡಾ ಸಂಸ್ಥಾನಕ್ಕೆ ಹೋದರು. ಮೊದಲು ಕಾಲೇಜಿನಲ್ಲಿ ಪಾಲಿ ಪ್ರಾಧ್ಯಾಪಕ, ನಂತರ ಸಂಸ್ಥಾನದ ದಫ್ತರಖಾನೆಯ ಅಧಿಕಾರಿ. ಹಳೆಯ ಕಾಗದಪತ್ರಗಳನ್ನು ವಿಂಗಡಿಸಿ, ಕಟ್ಟಿ, ಕಾಪಾಡುವ ಕೆಲಸ.

ಇಲ್ಲಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ಈ ಮನುಷ್ಯ ನಮ್ಮವರೇ ಅಲ್ಲವೇ? ಹೊಟ್ಟೆಪಾಡಿಗೆ ಊರು ಬಿಟ್ಟು, ಬೀದಿಯಲ್ಲಿ ಬೇರೆ ಭಾಷೆ ಆಡುವ ನಗರದಲ್ಲಿ ನೌಕರಿ ಮಾಡಿದವರು. ಬರೋಡಾದ ಆಸ್ಥಾನ ಮರಾಠಿ, ಪೇಟೆ ಗುಜರಾತಿ. ಅಲ್ಲಿ ಕೂತು ಅವರು ಬರೆದದ್ದು ಏನನ್ನು? ಪುಣೆಯ ಒಂದು ಬಾಡಿಗೆ ಮನೆಯನ್ನು, ಅದರಲ್ಲಿನ ಒಬ್ಬ ಗುಮಾಸ್ತನನ್ನು.

ಆ ಗುಮಾಸ್ತನೇ ಚಿಮಣರಾವ್. ಬಡಕಲು, ಪುಕ್ಕಲು, ಸಜ್ಜನ, ಯಾವಾಗಲೂ ಏನೋ ಒಂದು ಒಳ್ಳೆಯ ಸಂಕಲ್ಪ ಮಾಡಿ ಹಳ್ಳಕ್ಕೆ ಬೀಳುವವನು. ಮನೆಯಲ್ಲಿ ಅಮ್ಮ, ಹೆಂಡತಿ ಕಾವೂ, ಮಕ್ಕಳು. ಹೊರಗೆ ಸದಾ ನೆರವಿಗೆ ಧುಮುಕಲು ಸಿದ್ಧನಾಗಿರುವ ಗರಡಿಮೈಯ ಬಂಧು ಗುಂಡ್ಯಾಭಾವು. ಕತೆಯನ್ನು ಚಿಮಣರಾವನೇ ತನ್ನ ಬಾಯಲ್ಲಿ ಹೇಳುತ್ತಾನೆ. ಚಿಮಣ ಎಂಬುದು ಚಿಂತಾಮಣದ ಮೊಟಕು ರೂಪ. ಅಂದರೆ ಜೋಶಿಯವರು ತಮ್ಮ ಪೆದ್ದನಿಗೆ ತಮ್ಮದೇ ಹೆಸರಿಟ್ಟರು. ನಮ್ಮ ಬೀಚಿಯವರ ತಿಂಮನನ್ನು ಬಲ್ಲವರಿಗೆ ಚಿಮಣರಾವ್ ಮರಾಠಿಯಲ್ಲಿ ಏನು ಎಂದು ಹೇಳಬೇಕಿಲ್ಲ. ಆದರೆ ತಿಂಮ ಪಟಾಕಿ ಹಚ್ಚಿ ಓಡುವ ಜಾತಿ. ಚಿಮಣರಾವ್ ಹಚ್ಚದ ಪಟಾಕಿಗೂ ಕೈ ಸುಟ್ಟುಕೊಳ್ಳುವವನು.

ಪುಸ್ತಕದ ಹೆಸರುಗಳಲ್ಲೇ ಅವರ ಸ್ವಭಾವ ಕಾಣುತ್ತದೆ. 1932ರಲ್ಲಿ ಬಂದದ್ದು ಎರಂಡಾಚೆ ಗುರ್ಹಾಳ. ಎರಂಡ ಎಂದರೆ ಹರಳು ಗಿಡ, ಗುರ್ಹಾಳ ಎಂದರೆ ಆಲೆಮನೆ. ಕಬ್ಬಿನ ಬದಲು ಹರಳಿನ ಕಡ್ಡಿಯನ್ನು ಗಾಣಕ್ಕೆ ಕೊಟ್ಟರೆ ಎಷ್ಟು ಹಾಲು ಬಂದೀತೋ ಅಷ್ಟು ಸಾರ ನನ್ನ ಬರಹದಲ್ಲಿ ಎಂದು ಲೇಖಕನೇ ಹಣೆಯ ಮೇಲೆ ಬರೆದುಕೊಂಡ ಹಾಗೆ. ಮರುವರ್ಷ ಚಿಮಣರಾವಾಂಚೆ ಚರ್ಹಾಟ, ಹಗ್ಗ ಹೊಸೆದಂತೆ ಮುಗಿಯದ ಮಾತು. ಮತ್ತೊಂದರ ಹೆಸರು ವಾಯಫಳಾಚಾ ಮಳಾ, ಹಾಳುಹರಟೆಯ ತೋಟ. ಇದೇ 1933ರಲ್ಲಿ ಲಂಡನ್ನಿನ ಪಾಲಿ ಟೆಕ್ಸ್ಟ್ ಸೊಸೈಟಿಯಿಂದ ಅವರು ಸಂಪಾದಿಸಿದ ಸದ್ಧಮ್ಮಪ್ಪಕಾಸಿನೀ ಎಂಬ ಪಾಲಿ ವ್ಯಾಖ್ಯಾನ ಗ್ರಂಥದ ಮೊದಲ ಸಂಪುಟ ಬಂತು. ಮೂರು ಸಂಪುಟ ಮುಗಿಯಲು 1947 ಹಿಡಿಯಿತು. ಒಂದು ಕೈಯಲ್ಲಿ ಭಿಕ್ಷುಗಳ ಪಾಠಾಂತರ ತಿದ್ದುತ್ತ, ಇನ್ನೊಂದರಲ್ಲಿ ಚಿಮಣರಾವನನ್ನು ಹಳ್ಳಕ್ಕೆ ತಳ್ಳುತ್ತ ಹದಿನಾಲ್ಕು ವರ್ಷ.

ಈ ಎರಡು ಕೈಗಳಿಗೆ ಸಂಬಂಧವಿಲ್ಲ ಎಂದು ನನಗೆ ಅನ್ನಿಸುವುದಿಲ್ಲ. ಜೋಶಿಯವರು ಜಾತಕ ಕತೆಗಳನ್ನು ಆಯ್ದು ಮರಾಠಿಗೆ ತಂದವರು. ಜಾತಕದ ಕಟ್ಟಡ ಹೇಗಿದೆ ನೋಡಿ: ಪ್ರತಿ ಕತೆ ಪುಟ್ಟದು, ತನ್ನಷ್ಟಕ್ಕೆ ಪೂರ್ತಿ. ಮುಂದಿನ ಕತೆಯಲ್ಲಿ ಅದೇ ಬೋಧಿಸತ್ತ್ವ ಬೇರೆ ಜನ್ಮದಲ್ಲಿ, ಮೊದಲಿನಿಂದ ಶುರು. ಚಿಮಣರಾವನೂ ಹಾಗೇ. ಹಿಂದಿನ ಅಧ್ಯಾಯದಲ್ಲಿ ಬಿದ್ದ ಪೆಟ್ಟು ಈ ಅಧ್ಯಾಯದಲ್ಲಿ ಅವನಿಗೆ ನೆನಪಿಲ್ಲ. ಬೋಧಿಸತ್ತ್ವ ಜನ್ಮ ಜನ್ಮಕ್ಕೆ ಮೇಲೇರುತ್ತಾನೆ, ಇವನು ಇದ್ದಲ್ಲೇ ಇರುತ್ತಾನೆ, ಅಷ್ಟೇ ವ್ಯತ್ಯಾಸ. ಇದು ನನ್ನ ಊಹೆ, ಪಂಡಿತರು ಕ್ಷಮಿಸಲಿ. ಆದರೆ ಟೀವಿಯ ಹಾಸ್ಯ ಧಾರಾವಾಹಿ ಎಂಬುದು ಹುಟ್ಟುವ ಮೊದಲೇ ಅದರ ಅಚ್ಚು ಈ ದಫ್ತರಖಾನೆಯ ಅಧಿಕಾರಿಯ ಬಳಿ ಇತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಸಿನಿಮಾದವರು ಅವರನ್ನು ಬೇಗನೇ ಹುಡುಕಿಕೊಂಡು ಬಂದರು. 1940ರಲ್ಲಿ ಮಾಸ್ಟರ್ ವಿನಾಯಕ್ ನಿರ್ದೇಶಿಸಿದ ಲಗ್ನ ಪಹಾವೆ ಕರೂನ್ ಬಂತು. ದಾಮುಅಣ್ಣಾ ಮಾಲವಣ್ಕರ್ ಚಿಮಣರಾವ್, ವಿಷ್ಣುಪಂತ ಜೋಗ್ ಗುಂಡ್ಯಾಭಾವು. ಜನ ಮೆಚ್ಚಿದರು. ಎರಡು ವರ್ಷದ ಮೇಲೆ ಸರಕಾರಿ ಪಾಹುಣೆ. ಹಾಗಾಗಿ ಚಿಮಣರಾವ್ ಸಿನಿಮಾಕ್ಕೆ ಒಗ್ಗುವವನಲ್ಲ ಎಂದು ಸುಮ್ಮನೆ ಹೇಳಿಬಿಡುವಂತಿಲ್ಲ.

ಜೋಶಿಯವರು ತೀರಿಕೊಂಡದ್ದು 1963ರ ನವೆಂಬರಿನಲ್ಲಿ. ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ಕ್ಕೆ. ತಮ್ಮ ಮನುಷ್ಯ ಜನರ ನಡುಮನೆಗೆ ಬಂದು ಕೂತದ್ದನ್ನು ಅವರು ನೋಡಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ವರ್ಳಿಯ ಆ ಕೇಂದ್ರದಿಂದ ಚಿಮಣರಾವ್ ಧಾರಾವಾಹಿಯಾಗಿ ಬಂದ, ಕಪ್ಪು-ಬಿಳುಪಿನಲ್ಲಿ. ಹಿಂದಿಯಲ್ಲಿ ಹಮ್ ಲೋಗ್, ಯೇ ಜೋ ಹೈ ಜಿಂದಗಿ ಬರಲು ಇನ್ನೂ ಕೆಲವು ವರ್ಷ ಬಾಕಿ. ದಿಲೀಪ್ ಪ್ರಭಾವಳ್ಕರ್ ಚಿಮಣರಾವ್. ಲಗೇ ರಹೋ ಮುನ್ನಾಭಾಯಿಯ ಗಾಂಧೀಜಿ ಎಂದರೆ ನಮ್ಮವರಿಗೂ ಗುರುತು ಸಿಗುತ್ತದೆ. ಬಾಳ ಕರ್ವೆ ಗುಂಡ್ಯಾಭಾವು.

ಆಗ ಕಾಕಾ ಗಿರಗಾವ್‌ನ ಚಾಳಿನಲ್ಲಿದ್ದರು. ಮಹಡಿಗೆಲ್ಲ ಒಂದೇ ಟೀವಿ. ಚಿಮಣರಾವ್ ಬರುವ ಹೊತ್ತಿಗೆ ಆ ಮನೆಯ ಬಾಗಿಲನ್ನು ಮುಚ್ಚುವಂತಿರಲಿಲ್ಲ, ಹೊಸಿಲಿನ ಮೇಲೂ ಜನ ಕೂತಿರುತ್ತಿದ್ದರು. ಕಾಕಾ ಅವರ ತಾಯಿ ಗಂಡ ತೀರಿಕೊಂಡ ಮೇಲೆ ನಕ್ಕದ್ದನ್ನು ಮಕ್ಕಳು ಮೊದಲು ಕಂಡದ್ದು ಅಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು. 1979ರಲ್ಲಿ ಧಾರಾವಾಹಿಯ ಜನಪ್ರಿಯತೆಯ ಬೆನ್ನಿಗೇ ವಿನಯ್ ಧುಮಾಳೆ ನಿರ್ದೇಶನದಲ್ಲಿ ಚಿಮಣರಾವ್ ಗುಂಡ್ಯಾಭಾವು ಎಂಬ ಸಿನಿಮಾ ಬಂತು. ಅದೇ ಪ್ರಭಾವಳ್ಕರ್, ಅದೇ ಕರ್ವೆ. ಹೊಸದಾಗಿ ನೌಕರಿಗೆ ಸೇರಿದ್ದ ಕಾಕಾ ಮೊದಲ ಸಂಬಳದಲ್ಲಿ ತಾಯಿಯನ್ನು ಟಾಕೀಸಿಗೆ ಕರೆದುಕೊಂಡು ಹೋದರು. ಟಿಕೆಟ್ಟಿಗಿಂತ ಹೆಚ್ಚು ಖರ್ಚಾದದ್ದು ತಾಯಿಗೆ ಕೊಂಡ ಹೂವಿಗೆ ಮತ್ತು ಟ್ಯಾಕ್ಸಿಗೆ. ತಾಯಿ ಸಿನಿಮಾ ಪೂರ್ತಿ ಸುಮ್ಮನೆ ಕೂತು ನೋಡಿದರಂತೆ. ವಾಪಸು ಬರುವಾಗ ರಾತ್ರಿಗೆ ಏನು ಅಡುಗೆ ಮಾಡಲಿ ಎಂದಷ್ಟೇ ಕೇಳಿದರಂತೆ. ನಲವತ್ತು ವರ್ಷವಾದರೂ ಕಾಕಾ ಅವರಿಗೆ ಆ ಸಿನಿಮಾದ ಮೇಲಿನ ಸಿಟ್ಟು ಇಳಿದಿಲ್ಲ.

ಒಂದು ಭಾನುವಾರ ಇಬ್ಬರೂ ಕೂತು ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡಿದೆವು. ಕೆಟ್ಟ ಸಿನಿಮಾ ಅಲ್ಲ. ನಟರು ಎಲ್ಲಿಯೂ ಸೋತಿಲ್ಲ. ಆದರೂ ನಾನು ಕಾಕಾ ಅವರ ತಾಯಿಯ ಹಾಗೇ ಸುಮ್ಮನಾದೆ. ಧಾರಾವಾಹಿಯ ಒಂದೆರಡು ತುಣುಕುಗಳನ್ನು ನೋಡಿದ್ದೆ. ಅದರಲ್ಲಿ ಸ್ಟುಡಿಯೋದ ಮೂರು ಗೋಡೆಯ ಇಕ್ಕಟ್ಟಿನ ಮನೆ, ಆ ಇಕ್ಕಟ್ಟಿನಲ್ಲಿ ಚಿಮಣರಾವ್ ಎತ್ತ ತಿರುಗಿದರೂ ಯಾರಿಗೋ ತಾಗುತ್ತಾನೆ, ಅದೇ ನಗು. ದೊಡ್ಡ ಪರದೆಯಲ್ಲಿ ಅವನಿಗೆ ಓಡಾಡಲು ಜಾಗವಿದೆ. ಅರ್ಧ ಗಂಟೆಯಲ್ಲಿ ಹಳ್ಳಕ್ಕೆ ಬಿದ್ದು ಮುಗಿಸಬೇಕಾದವನು ಅಲ್ಲಿ ಇಂಟರ್ವಲ್ ದಾಟಿಯೂ ಬೀಳುತ್ತಲೇ ಇರಬೇಕು. ಜಾತಕವನ್ನು ಪುರಾಣವಾಗಿ ಎಳೆದ ಹಾಗೆ.

ಹಾಗಾದರೆ 1940ರದ್ದು ಯಾಕೆ ನಿಂತಿತು? ನನಗೆ ತೋಚುವುದು ಇಷ್ಟು. ಮಾಸ್ಟರ್ ವಿನಾಯಕ್ ಜೋಶಿಯವರ ಪುಟದಿಂದ ಹೊರಟರು, ಕತೆಗಾರ ಇನ್ನೂ ಬದುಕಿದ್ದರು. 1979ರವರು ಜನರ ಪ್ರೀತಿಯಿಂದ ಹೊರಟರು. ಆ ಪ್ರೀತಿ ಇದ್ದದ್ದು ಚಾಳಿನ ಆ ಕೋಣೆಯಲ್ಲಿ, ಅದನ್ನು ಟಾಕೀಸಿಗೆ ಸಾಗಿಸಲಾಗಲಿಲ್ಲ. ಮುಂದೆ ಹಿಂದಿಯಲ್ಲೂ ಇದೇ ಆಯಿತು. ಟೀವಿಯಲ್ಲಿ ವಾರವಾರ ಲಂಚಕ್ಕೆ ಸಿಕ್ಕಿ ನರಳುತ್ತಿದ್ದ ಆಫೀಸ್ ಆಫೀಸ್‌ನ ಮುಸದ್ದೀಲಾಲ್ 2011ರಲ್ಲಿ ಸಿನಿಮಾಕ್ಕೆ ಬಂದ. ಪಂಕಜ್ ಕಪೂರ್ ಅಂಥವರಿದ್ದೂ ನನಗೆ ಅರ್ಧಕ್ಕೇ ಆಕಳಿಕೆ. ದೂರುವ ಹಕ್ಕು ನನಗಿಲ್ಲ ಬಿಡಿ. ಹಿಂದಿನ ನೌಕರಿಯಲ್ಲಿ ನಮ್ಮ ಹತ್ತು ಜನರ ತಂಡಕ್ಕೆಂದು ಒಂದು ಪುಟ್ಟ ಟೂಲ್ ಬರೆದಿದ್ದೆ, ಎಲ್ಲರೂ ಕಣ್ಣಿಗೊತ್ತಿಕೊಂಡರು. ಇಡೀ ಕಂಪನಿಗೆ ಮಾಡಿಕೊಡು ಎಂದರು. ಎಂಟು ತಿಂಗಳು ರಾತ್ರಿ ಹಗಲು ಕೂತು ಮಾಡಿಕೊಟ್ಟೆ. ಆ ಹತ್ತು ಜನರೂ ಅದನ್ನು ಬಳಸುವುದು ಬಿಟ್ಟರು.

ಧಾರಾವಾಹಿಯ ಪೂರ್ತಿ ಕಂತುಗಳಿಗಾಗಿ ಬಹಳ ಹುಡುಕಿದೆ, ನನಗೆ ಸಿಗಲಿಲ್ಲ. ಆ ಕಾಲದಲ್ಲಿ ಟೇಪು ದುಬಾರಿ, ಒಂದು ಕಾರ್ಯಕ್ರಮದ ಮೇಲೆ ಇನ್ನೊಂದನ್ನು ಮುದ್ರಿಸುವುದು ದೂರದರ್ಶನದಲ್ಲಿ ರೂಢಿಯಾಗಿತ್ತು. ಒಂದು ಸಂಸ್ಥಾನದ ಕಾಗದಗಳನ್ನೆಲ್ಲ ಕಟ್ಟಿಟ್ಟು ಕಾಪಾಡಿದವರ ಮಗುವಿನಂಥ ಚಿಮಣರಾವ್. ಅವನು ಎಲ್ಲರಿಗೂ ಇಷ್ಟವಾದ ರೂಪದಲ್ಲಿ ಕೈಗೆ ಸಿಗುವುದಿಲ್ಲ, ಕಾಕಾ ಅವರ ತಾಯಿ ನಗದ ರೂಪದಲ್ಲಿ ಒಂದು ಕ್ಲಿಕ್ಕಿಗೆ ಸಿಗುತ್ತಾನೆ.

ಪುಸ್ತಕ ಮಾತ್ರ ಇದೆ. ಕಳೆದ ವರ್ಷ ಕಾಕಾ ಮಗಳ ಮನೆಗೆಂದು ಪುಣೆಗೆ ಹೊರಟಾಗ ಆ ಬೆನ್ನು ಕಿತ್ತ ಪ್ರತಿಯನ್ನು ನನಗೇ ಬಿಟ್ಟು ಹೋದರು. ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್‌ನಲ್ಲಿ ನಿಂತೇ ಎರಡು ಪುಟ ಓದಬಹುದು, ಕೂರಲು ಜಾಗ ಸಿಕ್ಕ ದಿನ ಐದು. ಭಾನುವಾರ ತಿಪಟೂರಿಗೆ ಫೋನ್ ಮಾಡಿದಾಗ ಓದಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತೇನೆ. ಇನ್ನು ಮೇಲೆ ಯಾರ ಮುಲಾಜೂ ಇಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ಚಿಮಣರಾವ್ ಹಟ ತೊಟ್ಟು ಪಡುವ ಪಾಡನ್ನು ಮೊನ್ನೆ ಹೇಳಿದೆ. ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಉಸಿರು ಎಳೆದುಕೊಳ್ಳುವ ಸದ್ದು ಕೇಳಿತು, ಅಮ್ಮ ನಗುತ್ತಿದ್ದರು. ಸುಧಾರಿಸಿಕೊಂಡು, ಈ ಚಿಮಣರಾಯ ನಮ್ಮ ದೊಡ್ಡಪ್ಪನ ಕಡೆಯವರೇನೋ ಎಂದು ವಿಚಾರಿಸಿದರು. ಪುಣೆಯವರು ಎಂದರೂ ನಂಬಲಿಲ್ಲ.